ಸ್ನಾನದ ಹೊತ್ತಿಗೆ ಬರುವವನು

ನನ್ನ ಹೆಂಡತಿಗೆ ಎರಡು ದನಿಗಳಿವೆ ಎಂಬುದು ಮದುವೆಯಾಗಿ ಇಷ್ಟು ವರ್ಷಗಳಾದ ಮೇಲೆ ನನಗೆ ಗೊತ್ತಾಯಿತು. ಒಂದು, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದಾಗ ನನಗೆ ಸಿಗುವಂಥದ್ದು. ಇನ್ನೊಂದನ್ನು ನಾನು ಮೊದಲ ಸಲ ಕೇಳಿದ್ದು, ನಮ್ಮದೇ ಉಗ್ರಾಣದ ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟು.

"ಹೆದರ್ಬೇಡಿ, ನಾನಿದ್ದೀನಲ್ಲ. ನಿಧಾನವಾಗಿ ಬಾಯಿ ತೆರೀರಿ... ಹಾಂ, ಅಷ್ಟೇ..."

ಬಾಗಿಲು ನೂಕಿದೆ. ಒಳಗೆ ಹಳೆಯ ಟ್ರಂಕಿನ ಮೇಲೆ, ತಲೆ ತುಂಬ ಕಂಬಳಿ ಹೊದ್ದು, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹೆಂಡತಿ ಒಬ್ಬಳೇ ಕೂತಿದ್ದಳು. ಕಂಬಳಿಯೊಳಗಿಂದ ಮೊದಲನೆಯ ದನಿ ಹೊರಬಂತು.

"ಅಯ್ಯೋ ರೀ! ಕೆಡಿಸಿಬಿಟ್ರಲ್ಲ! ಬಾಗಿಲು ಕಿರ್ ಅಂದಿದ್ದೂ ರೆಕಾರ್ಡ್ ಆಯ್ತು!"

ವಿಷಯ ಇಷ್ಟು. ಅವಳು ಹಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಯ ರೋಗಿಗಳು ಒಳಗಿನ ಯಂತ್ರದ ಗುಯ್‌ಗುಡುವ ಸದ್ದು ಕೇಳಿ, ಸರದಿ ಬರುವ ಮೊದಲೇ ಚಪ್ಪಲಿ ಹಾಕಿಕೊಂಡು ಓಡಿಹೋಗುತ್ತಾರಂತೆ. ಅಂಥವರ ಭಯ ಬಿಡಿಸಲು ಒಂದು ಸ್ಲೈಡ್ ಶೋ ಮಾಡಿಕೊಡು, ಹಿಂದೆ ನಿನ್ನದೇ ವಿವರಣೆ ಇರಲಿ, ಹಿತವಾದ ಒಂದು ಸದ್ದೂ ಇರಲಿ ಎಂದು ಡಾಕ್ಟರಮ್ಮ ಹೇಳಿದ್ದರು. ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ಎಲ್ಲರ ಮುಂದೆ ಅದರ ಪ್ರದರ್ಶನ. ಮೆಚ್ಚುಗೆಯಾದರೆ ಹೊಸ ಶಾಖೆಯ ಉಸ್ತುವಾರಿ ಇವಳಿಗೇ. ಕಂಬಳಿ ಯಾಕೆಂದರೆ, ಗೋಡೆಯ ಪ್ರತಿಧ್ವನಿ ಸೇರಬಾರದಂತೆ.

ಬೇರೆ ಯಾವ ಗಂಡನಾದರೂ ಇಷ್ಟಕ್ಕೆ ಸುಮ್ಮನಾಗುತ್ತಿದ್ದ. ಆದರೆ ನಾನು ಬಸ್ಸಿನ ಟಿಕೆಟ್ ತಪಾಸಣೆಯವನು. (ಕಂಡಕ್ಟರುಗಳು ಎದುರಿಗೆ 'ಸರ್' ಅನ್ನುತ್ತಾರೆ. ಬೆನ್ನ ಹಿಂದೆ ಅನ್ನುವುದನ್ನು ಇಲ್ಲಿ ಬರೆಯಲಾಗದು.) ಟಿಕೆಟ್ ಇಲ್ಲದವನು, ನಾನು ಬಸ್ಸು ಹತ್ತಿದ ತಕ್ಷಣ, ಕಿಟಕಿಯಾಚೆಯ ಪ್ರಕೃತಿ ಸೌಂದರ್ಯದಲ್ಲಿ ಮುಳುಗಿಹೋಗುತ್ತಾನೆ. ಅಂದು ಊಟಕ್ಕೆ ಕೂತಾಗ "ಹಿತವಾದ ಸದ್ದು ಅಂದ್ಯಲ್ಲ, ಏನದು?" ಎಂದು ಕೇಳಿದೆ. ನನ್ನ ಹೆಂಡತಿ ಕಿಟಕಿಯಾಚೆ ನೋಡಿದಳು. ಅಲ್ಲಿದ್ದದ್ದು ಪಕ್ಕದ ಮನೆಯ ನೀರಿನ ಟ್ಯಾಂಕು.

"ಅವತ್ತೇ ಕೇಳುವಿರಂತೆ" ಎಂದು ನಕ್ಕಳು. ಆ ನಗು ನನಗೆ ಸ್ವಲ್ಪವೂ ಸೇರಲಿಲ್ಲ.

ಅವಳು ತರಕಾರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದೆ. (ಇದು ಕದ್ದು ನೋಡುವುದಲ್ಲ, ತಪಾಸಣೆ.) ಪ್ರತಿ ಸ್ಲೈಡಿನ ಮೂಲೆಯಲ್ಲೂ ಪುಟ್ಟ ಸ್ಪೀಕರಿನ ಚಿತ್ರವಿತ್ತು. ಒಂದಲ್ಲ, ಎರಡು. ಒಂದನ್ನು ಒತ್ತಿದರೆ ಅವಳ ಎರಡನೆಯ ದನಿ ಜೇನಿನಂತೆ ಸುರಿಯಿತು. ಇನ್ನೊಂದನ್ನು ಒತ್ತಿದೆ.

ಗಂಡಸು! ಬಾಯಿ ಮುಚ್ಚಿಕೊಂಡು ಗುನುಗುತ್ತಿದ್ದ. ರಾಗಕ್ಕೆ ತಲೆಯಿಲ್ಲ, ಬುಡವಿಲ್ಲ. ಮೇಲಕ್ಕೇರಬೇಕಾದಲ್ಲಿ ಮೂಗಿನೊಳಗೆ ನುಗ್ಗಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಇಷ್ಟು ಕೆಟ್ಟ ದನಿಯನ್ನು ಜನ್ಮದಲ್ಲಿ ಕೇಳಿರಲಿಲ್ಲ, ಆದರೂ ಆ ಪ್ರಾಣಿ ಅದೆಷ್ಟು ನೆಮ್ಮದಿಯಿಂದ ಗುನುಗುತ್ತಿತ್ತೆಂದರೆ, ಸ್ವಂತ ಮನೆಯೇ ಎನ್ನಬೇಕು! ಕಿವಿಗೊಟ್ಟು ಕೇಳಿದರೆ ಹಿಂದೆ ಬಕೆಟಿಗೆ ನೀರು ಬೀಳುವ ಸದ್ದು. ನಲ್ಲಿಯ ಆ ಕೆಮ್ಮು ನಮ್ಮ ಬಚ್ಚಲಿನದೇ. ಅಂದರೆ ನಾನು ಒಳಗೆ ಸ್ನಾನ ಮಾಡುತ್ತಿರುವಾಗಲೇ ಇವನು ಹೊರಗೆ ನಿಂತು ಹಾಡುತ್ತಾನೆ!

ಅಮ್ಮನನ್ನು ಕರೆದು ಕೇಳಿಸಿದೆ.

"ಅಮ್ಮಾ, ಈ ಸದ್ದು ಎಲ್ಲಾದ್ರೂ ಕೇಳಿದ್ದೀಯಾ?"

"ಇದಾ? ದಿನಾ ಬೆಳಿಗ್ಗೆ ಕೇಳ್ತೀನಲ್ಲೋ."

"ದಿನಾನಾ! ಯಾವ ಹೊತ್ತಲ್ಲಿ?"

"ನೀನು ಬಚ್ಚಲುಮನೇಲಿರ್ತೀಯಲ್ಲ, ಆವಾಗ."

"ನಾನು ಹೊರಗೆ ಬಂದ ಮೇಲೆ?"

"ಆಮೇಲೆ ಎಲ್ಲಿ ಇರುತ್ತೆ? ನಿಂತುಹೋಗುತ್ತೆ." ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು. "ಯಾಕೋ, ಮೈ ಸರಿ ಇಲ್ವಾ?"

ಮೈ ಸರಿ ಇರುವುದಾದರೂ ಹೇಗೆ? ಎಂಥ ಚಾಲಾಕಿ! ನಾನು ಚಿಲಕ ಹಾಕುವುದೇ ತಡ ಬರುತ್ತಾನೆ, ತೆಗೆಯುವಷ್ಟರಲ್ಲಿ ಮಾಯವಾಗುತ್ತಾನೆ. ನನ್ನ ಇಡೀ ಸೇವಾವಧಿಯಲ್ಲಿ ಇಷ್ಟು ಕರಾರುವಾಕ್ಕಾಗಿ ಹತ್ತಿ ಇಳಿಯುವ ಟಿಕೆಟ್ ಇಲ್ಲದ ಪ್ರಯಾಣಿಕನನ್ನು ಕಂಡಿರಲಿಲ್ಲ. ನಾನು ನಗುತ್ತಿಲ್ಲ, ಗಮನಿಸಿ. ಅವಳಿಲ್ಲದ ಮನೆಯನ್ನು ಕಲ್ಪಿಸಿಕೊಂಡೆ. ಒದ್ದೆ ಟವೆಲು ಹಾಸಿಗೆಯ ಮೇಲೆ ಹಾಗೇ ಬಿದ್ದಿತ್ತು, ಬಯ್ಯುವವರೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು.

ಮರುದಿನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟೆ. ನೀರು ಮೈಗೆ ಹಾಕಿಕೊಳ್ಳದೆ, ಉಸಿರು ಬಿಗಿಹಿಡಿದು, ಬಾಗಿಲ ಸಂದಿಗೆ ಕಿವಿ ಒಡ್ಡಿ ನಿಂತೆ. ಬಕೆಟ್ ತುಂಬಿ ಹರಿಯಿತು. ಗುನುಗು ಕೇಳಿಸಲಿಲ್ಲ. ಅದರ ಮಾರನೆಯ ದಿನ ಮೈಗೆ ಸೋಪು ಹಚ್ಚಿಕೊಂಡು ಕಾದೆ, ಆಗಲೂ ಕೇಳಿಸಲಿಲ್ಲ. ನಾನು ಕಾವಲು ಕೂತಿರುವುದು ಅವನಿಗೆ ತಿಳಿದುಹೋಗಿದೆ! ಒಳಗಿನವರು ಸುದ್ದಿ ಕೊಡದೆ ತಿಳಿಯುವುದು ಹೇಗೆ? ಸೋಪಿನ ನೊರೆಯ ಸಮೇತ ದಡಾರನೆ ಹೊರಗೆ ಹಾರಿದೆ. ಹೆಂಡತಿ ನನ್ನ ಖಾಕಿ ಅಂಗಿಗೆ ಇಸ್ತ್ರಿ ಹಾಕುತ್ತಾ ನಿಂತಿದ್ದಳು.

"ಎಲ್ಲಿ?" ಅಂದೆ.

"ಏನು ಎಲ್ಲಿ?"

"ಎಲ್ಲಿ ಹೋದ ಅಂತ!"

"ಟವೆಲು ಕೊಕ್ಕೇಲೇ ಇದ್ಯಲ್ರೀ. ನೆಲ ಎಲ್ಲ ನೊರೆ! ಈಗ ತಾನೆ ಒರೆಸಿದ್ದೆ!" ಮೊದಲನೆಯ ದನಿ. ಮತ್ತೆ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು, "ಯಾಕೆ ಎರಡು ದಿನದಿಂದ ಹೀಗಿದ್ದೀರಾ? ಬೆಳಿಗ್ಗೆ ಮನೆ ಏನೋ ಬಿಕೋ ಅನ್ನುತ್ತೆ" ಎಂದಳು.

ಬಿಕೋ ಅನ್ನುತ್ತದಂತೆ! ಅವನು ಬಾರದ್ದಕ್ಕೆ!

ಪ್ರದರ್ಶನದ ಹಿಂದಿನ ಸಂಜೆ, ಅವಳು ಸೀರೆಗೆ ನೆರಿಗೆ ಹಿಡಿಸಿಕೊಂಡು ಬರಲು ಪಕ್ಕದ ಮನೆಗೆ ಹೋದಾಗ, ನಾನು ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತೆ. ಒಂದೊಂದೇ ಸ್ಲೈಡಿನಿಂದ ಆ ಗುನುಗನನ್ನು ಕತ್ತು ಹಿಡಿದು ಹೊರಹಾಕಿದೆ. ಹೆಂಡತಿಯ ವಿವರಣೆಗೆ ಮಾತ್ರ ಕೈ ಹಚ್ಚಲಿಲ್ಲ, ನಾನೇನು ರಾಕ್ಷಸನಲ್ಲ. ಕೊನೆಯ ಸ್ಲೈಡಿನಲ್ಲಿ ಅವಳ ದನಿಯೇ ಇರಲಿಲ್ಲ, ಮುಚ್ಚಿದ ಬಾಗಿಲೊಂದರ ಚಿತ್ರದ ಜೊತೆ ಅವನೊಬ್ಬನೇ ಗುನುಗುತ್ತಿದ್ದ. ನನ್ನ ರಕ್ತ ಕುದಿಯಿತು. ಇಂಟರ್‌ನೆಟ್ಟಿನಲ್ಲಿ ಪ್ರಾಣಿಗಳ ಕೂಗನ್ನು ಪುಕ್ಕಟೆ ಹಂಚುವ ಧರ್ಮಾತ್ಮರಿದ್ದಾರೆ. ಒಂದು ಕತ್ತೆಯನ್ನು ಆರಿಸಿ, ಆ ಮಹಾನುಭಾವನ ಜಾಗದಲ್ಲಿ ಕಟ್ಟಿಹಾಕಿದೆ.

ವಾರ್ಷಿಕೋತ್ಸವಕ್ಕೆ ಸಭಾಂಗಣ ತುಂಬಿತ್ತು. ಡಾಕ್ಟರಮ್ಮ ಮುಂದಿನ ಸಾಲಿನಲ್ಲಿದ್ದರು. ನಾನು ಅಮ್ಮನ ಪಕ್ಕ ಕೂತು ಗಂಡಸರ ಮುಖಗಳನ್ನೆಲ್ಲ ತಪಾಸಣೆ ಮಾಡುತ್ತಿದ್ದೆ. ಕತ್ತೆ ಕೂಗಿದಾಗ ಯಾರ ಮುಖ ಬಿಳುಚಿಕೊಳ್ಳುತ್ತದೋ ಅವನೇ ಕಳ್ಳ.

ಸ್ಲೈಡುಗಳು ಓಡಿದವು. ಹೆಂಡತಿಯ ವಿವರಣೆ ಚೆನ್ನಾಗಿಯೇ ಬಂತು, ಆದರೆ ಅವಳು ಪ್ರತಿ ಸ್ಲೈಡಿಗೂ ಗಾಬರಿಯಿಂದ ವೈರುಗಳನ್ನು ಅದುಮಿ ನೋಡುತ್ತಿದ್ದಳು. ಕೊನೆಗೆ ಮುಚ್ಚಿದ ಬಾಗಿಲಿನ ಚಿತ್ರ ಬಂತು. ಅವಳು ಮೈಕಿನ ಮುಂದೆ ನಿಂತಳು.

"ಹಿಂದೆ ಒಂದು ಸದ್ದು ಬರ್ಬೇಕಿತ್ತು, ಯಾಕೋ ಬರ್ಲಿಲ್ಲ. ಇಲ್ಲಾದ್ರೂ ಬರ್ಲಿ. ನಾನು ಮದುವೆಯಾಗಿ ಬಂದಾಗ ಆ ಮನೇಲಿ ಎಲ್ಲಾ ಹೊಸಬರು. ಮೊದಲ ರಾತ್ರಿಯೆಲ್ಲ ಹೆದರಿಕೇಲಿ ನಿದ್ದೆ ಮಾಡಿರ್ಲಿಲ್ಲ. ಬೆಳಿಗ್ಗೆ ಈ ಬಚ್ಚಲ ಬಾಗಿಲ ಹಿಂದಿನಿಂದ ಒಂದು ಗುನುಗು ಕೇಳಿಸ್ತು. ಇಷ್ಟು ನಿಶ್ಚಿಂತೆಯಾಗಿ ಗುನುಗೋ ಮನುಷ್ಯ ಕೆಟ್ಟವನಾಗಿರೋಕೆ ಸಾಧ್ಯ ಇಲ್ಲ ಅನ್ನಿಸ್ತು. ಅವತ್ತು ಹೋದ ಭಯ ಮತ್ತೆ ಬಂದಿಲ್ಲ. ತಾವು ಗುನುಗ್ತೀವಿ ಅಂತ ಅವರಿಗೇ ಗೊತ್ತಿಲ್ಲ, ಕದ್ದು ರೆಕಾರ್ಡ್ ಮಾಡಿದ್ದೀನಿ. ಅಗೋ, ಅಲ್ಲಿ ಕೂತಿದ್ದಾರೆ, ನಮ್ಮ ಯಜಮಾನ್ರು."

ಸಭೆಯೆಲ್ಲ ನನ್ನ ಕಡೆ ತಿರುಗಿ ಚಪ್ಪಾಳೆ ಹೊಡೆಯಿತು. ಬಿಳುಚಿದ ಮುಖವನ್ನು ಹುಡುಕಬೇಕಾಗಿರಲಿಲ್ಲ.

"ಬೇಡ ಕಣೇ! ಒತ್ತಬೇಡ!" ಎಂದು ಎದ್ದು ನಿಂತೆ.

"ನಾಚಿಕೆ ಅವ್ರಿಗೆ" ಎಂದು ಹೇಳಿ ಅವಳು ಒತ್ತಿದಳು.

ಹೀ... ಹಾ! ಹೀ... ಹಾ!

ನಾನು ಇನ್ನೂ ಬಾಯಿ ತೆರೆದು ನಿಂತಿದ್ದೆ. ಹಿಂದಿನ ಸಾಲಿನವರಿಗೆ ಕತ್ತೆಯ ಕೂಗು ನೇರವಾಗಿ ನನ್ನಿಂದಲೇ ಬಂದಂತೆ ಕಂಡಿತಂತೆ. ಡಾಕ್ಟರಮ್ಮ ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ಎದ್ದವರೇ, "ಇದನ್ನ ಕೇಳಿ ಯಾರಿಗಮ್ಮ ಭಯ ಉಳಿಯುತ್ತೆ? ಹೀಗೇ ಇರ್ಲಿ, ಏನೂ ಬದಲಾಯಿಸ್ಬೇಡ!" ಅಂದರು. ಹೊಸ ಶಾಖೆಯ ಉಸ್ತುವಾರಿ ಅವಳಿಗೇ ಸಿಕ್ಕಿತು. ಅಲ್ಲಿ ಕಾಯುವವರಿಗೆಲ್ಲ ದಿನವಿಡೀ "ನಮ್ಮ ಯಜಮಾನ್ರು" ಎಂದು ಆಮೇಲೆ ರೆಕಾರ್ಡ್ ಮಾಡಿ ಸೇರಿಸಿದ ಪರಿಚಯದ ಬೆನ್ನಿಗೇ ಆ ಕತ್ತೆಯನ್ನು ಕೇಳಿಸುತ್ತಾರೆ.

ಮನೆಗೆ ಬರುವ ದಾರಿಯಲ್ಲಿ ಅಮ್ಮ ನನ್ನ ವಿಚಾರಣೆಯ ಕತೆಯನ್ನೆಲ್ಲ ಸೊಸೆಗೆ ಒಪ್ಪಿಸಿದಳು. ಹೆಂಡತಿ ಒಂದು ಮಾತೂ ಆಡಲಿಲ್ಲ. ಎರಡು ದನಿಗಳಲ್ಲಿ ಒಂದೂ ಬಾರದಿದ್ದರೆ ಎಷ್ಟು ಭಯವಾಗುತ್ತದೆಂದು ನನಗೆ ಅಂದೇ ತಿಳಿದದ್ದು. ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ ಎಂದು ನನ್ನನ್ನು ನಾನೇ ಬಯ್ದುಕೊಂಡೆ.

ಬೆಳಿಗ್ಗೆ ಬಚ್ಚಲಿಗೆ ಹೋಗಿ, ತುಟಿ ಬಿಗಿದುಕೊಂಡು ಕೂತೆ. ಹೊರಗಿನಿಂದ ದನಿ ಕೇಳಿಸಿತು. ಎರಡನೆಯದು.

"ರೀ, ಇವತ್ತೂ ಅವನು ಬರಲಿಲ್ವಾ?"

ನಾನು ಉತ್ತರಿಸುವ ಮೊದಲೇ ಅಮ್ಮ ಹಜಾರದಿಂದ ಕೂಗಿದಳು: "ಬರ್ತಾನೆ ಬಿಡಮ್ಮ, ತಲೆ ಮೇಲೆ ನೀರು ಬೀಳ್ಲಿ!"