ಅತ್ತೆಯ ಕಾರ್ಖಾನೆಗೆ ಶಿವನೇ ಪಾಲುದಾರ

ನಮ್ಮ ಸೋದರತ್ತೆಗೆ ವ್ಯಾಪಾರದ ಗಂಧವೇ ಇಲ್ಲ. ಚಾಮರಾಜಪೇಟೆಯಲ್ಲಿ ಯಾರನ್ನು ಕೇಳಿದರೂ ಈ ಮಾತನ್ನು ಒಪ್ಪುತ್ತಾರೆ. ಗಿರಾಕಿಗಳನ್ನು ಬಯ್ಯುತ್ತಾಳೆ, ಮನೆ ಬಾಗಿಲಿಗೆ ಬಂದ ಆರ್ಡರನ್ನು ವಾಪಸು ಕಳಿಸುತ್ತಾಳೆ. ಆದರೂ ಅವಳ ಕಾರ್ಖಾನೆ ಬೆಳೆಯುತ್ತಲೇ ಇದೆ! ಅದೊಂದನ್ನು ಮಾತ್ರ ನಮ್ಮ ನೆಂಟರಿಗೆ ಇನ್ನೂ ಕ್ಷಮಿಸಲು ಆಗಿಲ್ಲ.

ನಮ್ಮ ತಾತ ಚಾಮರಾಜಪೇಟೆಯ ಮನೆಯ ಹಿತ್ತಲಲ್ಲಿ ಶೆಡ್ಡು ಹಾಕಿ ಕುಡುಗೋಲು, ಕೂರಿಗೆ ಮಾಡುತ್ತಿದ್ದರು. ಅವರ ನಂತರ ಅದು ಅಪ್ಪನಿಗೂ ಅಪ್ಪನ ತಂಗಿಯಾದ ಈ ಅತ್ತೆಗೂ ಬಂತು. ಅಪ್ಪ ಲೆಕ್ಕಪತ್ರ ನೋಡಿಕೊಂಡರು. ಮಿಕ್ಕಿದ್ದನ್ನೆಲ್ಲ, ಅಪ್ಪನನ್ನೂ ಸೇರಿಸಿ, ಅತ್ತೆ ನೋಡಿಕೊಂಡಳು. ಎಂಜಿನ್ನಿನಿಂದ ಓಡುವ ಕಳೆ ಕೀಳುವ ಯಂತ್ರ ಅವಳದೇ ಸೃಷ್ಟಿ.

ಪ್ರತಿ ಬೆಳಗ್ಗೆ ಅತ್ತೆ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಆಮೇಲೆ ಕಾರ್ಖಾನೆಯ ವರದಿ ಒಪ್ಪಿಸುತ್ತಾಳೆ. "ನೋಡಪ್ಪಾ ಶಿವ, ಆ ಬೇರಿಂಗು ಮತ್ತೆ ಕಿರ್ರ್ ಅಂತಿದೆ. ನೀನು ಸುಮ್ನೆ ಕೂತಿದೀಯ!" ಇದು ಪ್ರಾರ್ಥನೆಯೋ, ಜಗಳವೋ? ಪಕ್ಕದ ಮನೆಯವರಿಗಂತೂ ಇವತ್ತಿಗೂ ತಿಳಿದಿಲ್ಲ.

ಒಮ್ಮೆ ಕೇಳಿಯೇಬಿಟ್ಟೆ. "ಅತ್ತೆ, ನೀನು ಇಷ್ಟೆಲ್ಲ ಹೇಳ್ತೀಯಲ್ಲ, ಅವನು ಉತ್ತರ ಕೊಡ್ತಾನಾ?"

"ಒಂದಿನಾನೂ ಇಲ್ವೇ! ಆದ್ರೆ ಅವನ ಮುಂದೆ ಯಾವ್ದನ್ನ ಹೇಳೋಕೆ ನಾಚ್ಕೆ ಆಗತ್ತೆ ಅಂತ ಗೊತ್ತಾಗತ್ತಲ್ಲ, ಅದೊಂದು ಬಿಟ್ಟು ಮಿಕ್ಕಿದ್ದು ಮಾಡ್ತೀನಿ."

ಯಂತ್ರವನ್ನು ಮಣ್ಣಿಗಿಳಿಸಿ ನೋಡದೆ ಮಾರುವುದಕ್ಕೂ ಅವಳಿಗೆ ನಾಚಿಕೆಯೇ. ಆದರೆ ಚಾಮರಾಜಪೇಟೆಯಲ್ಲಿ ಹೊಲ ಎಲ್ಲಿ ಬರಬೇಕು? ಕಲ್ಯಾಣ ಮಂಟಪದ ಪಕ್ಕದ ಖಾಲಿ ಸೈಟಿನಲ್ಲಿ ಹುಲ್ಲು ಸೊಂಪಾಗಿ ಬೆಳೆದಿತ್ತು. ಅತ್ತೆ ಅಲ್ಲಿ ಯಂತ್ರ ಇಳಿಸಿದಳು. ಒಳಗೆ ಮುಹೂರ್ತ! ಎಂಜಿನ್ನಿನ ಆರ್ಭಟಕ್ಕೆ ಮಂತ್ರವೂ ಕೇಳದು, ವಾಲಗವೂ ಕೇಳದು. ಮದುವೆಮನೆಯವರು ಓಡಿಬಂದು ಕೈಮುಗಿದರು. "ಅಮ್ಮಾ, ತಾಳಿ ಕಟ್ಟೋ ಹೊತ್ತು, ನಿಲ್ಸಿ!"

"ನೀವು ಕಟ್ರಪ್ಪ, ನಾನೇನು ಬೇಡ ಅಂದ್ನಾ?" ಎಂದಳು ಅತ್ತೆ. ಕೊನೆಗೆ ನಿಲ್ಲಿಸಿದಳು ಅನ್ನಿ. ಗಂಡಿನ ಕಡೆಯವರು ಕೋಲಾರದ ರೈತರು. ತಾಳಿ ಕಟ್ಟಿದ ಕೂಡಲೇ ಅರ್ಧ ಬೀಗರು ಊಟ ಬಿಟ್ಟು ಸೈಟಿನಲ್ಲಿದ್ದರು. ಮದುಮಗನ ಸೋದರಮಾವ ಅಲ್ಲೇ ಒಂದು ಯಂತ್ರ ಗೊತ್ತುಮಾಡಿಕೊಂಡ. ಅತ್ತೆ ಹೋಳಿಗೆ ಊಟ ಮಾಡಿ, ವಧೂವರರಿಗೆ ಅಕ್ಷತೆ ಹಾಕಿಯೇ ಮನೆಗೆ ಬಂದಳು!

ಇಂಥವಳ ಬಳಿಗೆ ಒಂದು ದಿನ ದೊಡ್ಡ ಕಂಪನಿಯ ಅಧಿಕಾರಿ ಬಂದ. ವರ್ಷವಿಡೀ ನೀವು ಮಾಡಿದಷ್ಟೂ ಯಂತ್ರ ನಾವೇ ಕೊಳ್ಳುತ್ತೇವೆ ಎಂದ. ಅಪ್ಪನ ಮುಖ ಅರಳಿತು. ಅತ್ತೆ ಮಾತ್ರ, "ಪಾರ್ಟ್ನರ್‌ನ ಕೇಳ್ಬೇಕು" ಎಂದಳು.

"ಇವರೇ ಅಲ್ವಾ ಮೇಡಂ ಪಾರ್ಟ್ನರ್ರು?" ಎಂದು ಅವನು ಅಪ್ಪನನ್ನು ತೋರಿಸಿದ.

"ಇವ್ರಲ್ಲ. ಇನ್ನೊಬ್ಬ ಇದಾನೆ, ಇಲ್ಲಿ," ಎಂದು ಅತ್ತೆ ಸೆರಗಿನಡಿ ಎದೆಗೆ ತಾಗಿದ್ದ ಕೊರಳ ಲಿಂಗದ ಮೇಲೆ ಕೈಯಿಟ್ಟಳು. ಎದೆನೋವೆಂದು ಹೆದರಿದ ಆ ಮಹಾನುಭಾವ ನೀರು ತರಲು ಓಡಿದ!

ಆ ನೀರನ್ನು ತಾನೇ ಕುಡಿದಮೇಲೆ ಅವನ ಷರತ್ತು ಹೊರಬಿತ್ತು. ತಿರುಗುವ ಅಲಗುಗಳಿಗೆ ಕಾಲು ಸಿಕ್ಕದಂತೆ ಅತ್ತೆ ಹಾಕುತ್ತಿದ್ದ ತಗಡಿನ ಮರೆ ಬೇಡವಂತೆ. ಖರ್ಚು ಉಳಿಯುತ್ತದಂತೆ. "ರೈತರಿಗೆ ಅಭ್ಯಾಸ ಆಗತ್ತೆ ಮೇಡಂ."

ಅತ್ತೆ ಎದ್ದು ಒಂದು ಯಂತ್ರದ ಮರೆ ಬಿಚ್ಚಿ, ಎಂಜಿನ್ ಶುರುಮಾಡಿದಳು. "ಬನ್ನಿ, ಹತ್ರ ನಿಂತ್ಕೊಳ್ಳಿ. ಮೊದ್ಲು ನಿಮಗೆ ಅಭ್ಯಾಸ ಆಗ್ಲಿ!" ಅವನು ಗೇಟು ದಾಟಿದ್ದನ್ನು ಯಾರೂ ಕಾಣಲಿಲ್ಲ, ಅಷ್ಟು ವೇಗ!

ನಾವೆಲ್ಲ ನಕ್ಕೆವು. ಅಪ್ಪ ನಗಲಿಲ್ಲ. "ನಮ್ಮಪ್ಪ ಕಟ್ಟಿದ್ದನ್ನ ನಿನ್ನ ಹಠಕ್ಕೆ ಮುಳುಗಿಸ್ತೀಯ. ಆ ಆರ್ಡರ್ ಬೇಡ ಅಂದ್ರೆ ನಾನೂ ಬೇಡ."

"ಕಳೆ ಕೀಳೋ ಒಬ್ಬ ಹೆಣ್ಮಗಳ ಕಾಲು ಹೋದ್ರೆ ನಾಳೆ ಬೆಳಗ್ಗೆ ಈ ಶಿವನ ಮುಂದೆ ಏನಂತ ಕೂರ್ಲಿ ಅಣ್ಣ?"

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಸವನಗುಡಿಯ ನಮ್ಮ ಮನೆಗೆ ಬಂದವರು ಮತ್ತೆ ಆ ಕಡೆ ಹೋಗಲಿಲ್ಲ. ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತ, "ನನ್ನ ತಂಗಿ ಶಿವನನ್ನೂ ಭಿಕ್ಷೆಗೆ ಕಳಿಸ್ತಾಳೆ" ಎಂದು ಸ್ನೇಹಿತರ ಮುಂದೆ ಗೊಣಗುತ್ತಿದ್ದರು. "ಅವನಿಗೇನು ಹೊಸದಾ ಬಿಡಿ!" ಎಂದು ಅವರು ನಗುತ್ತಿದ್ದರು.

ಆ ಮುಂಗಾರು ಕಷ್ಟದ್ದೇ. ಅತ್ತೆ ಒಂದು ಯಂತ್ರವನ್ನು ಲಗೇಜ್ ಆಟೋಗೆ ಹೇರಿಕೊಂಡು ಮಾಗಡಿ, ಕನಕಪುರದ ಹಳ್ಳಿಗಳಿಗೆ ಹೊರಟಳು. ಗಂಡಸರು ಯಂತ್ರಕ್ಕೆ ಕೈಹಾಕಿದರೆ, "ಕಳೆ ಕೀಳೋರು ನೀವಾ? ಕೀಳೋಳ ಕೈಗೆ ಕೊಡ್ರಿ!" ಎಂದು ಗದರುತ್ತಿದ್ದಳು. ಹೆಂಗಸರು ಓಡಿಸಿ ನೋಡಿದರು. ಹಿಡಿ ಎತ್ತರವಾಯಿತೆಂದರು. ಅತ್ತೆ ತಗ್ಗಿಸಿದಳು. ಭಾರವೆಂದರು. ಅತ್ತೆ ಶಿವನಿಗೂ ಬೈದು, ಹೆಂಗಸರಿಂದ ತಾನೂ ಬೈಸಿಕೊಂಡು ಹಗುರ ಮಾಡಿದಳು. ಹೆಂಗಸರ ಸಂಘದವರು ಮೊದಲು ಕೊಂಡರು, ಅವರ ಮಾತು ಕೇಳಿ ಪಕ್ಕದ ಊರಿನವರು ಕೊಂಡರು. ಹಿತ್ತಲು ಸಾಲದಾಯಿತು. ಮಾಗಡಿ ರಸ್ತೆಯಾಚೆ ಹೊಸ ಶೆಡ್ಡು ಎದ್ದಿತು.

ಅದರ ಪ್ರಾರಂಭದ ದಿನ ಅತ್ತೆ ಪೂಜೆಗೆ ಬಂದ ಸ್ವಾಮಿಗಳನ್ನೂ ಬಿಡದೆ ಎಲ್ಲರ ಮೇಲೂ ರೇಗುತ್ತಿದ್ದಳು. ಇದ್ದಕ್ಕಿದ್ದಂತೆ ಅವಳ ದನಿ ನಿಂತಿತು. ಗೇಟಿನಲ್ಲಿ ಅಪ್ಪ ನಿಂತಿದ್ದರು.

"ಎಲ್ರನ್ನೂ ಕರ್ದಿದೀಯ. ನನ್ನೊಬ್ಬನ್ನ ಕರೀಲಿಲ್ಲ," ಎಂದರು.

"ಕರೆದ್ಮೇಲೂ ನೀನು ಬರದೆ ಇದ್ರೆ ಅಂತ ಹೆದ್ರಿಕೆ ಆಯ್ತು ಅಣ್ಣ."

ಅತ್ತೆಗೆ ಹೆದರಿಕೆ! ಆ ಮಾತನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅಪ್ಪ ಹತ್ತಿರ ಹೋಗಿ, ಹೆಗಲ ಶಲ್ಯದ ತುದಿಯಿಂದ ಅವಳ ಕೆನ್ನೆಗೆ ಹತ್ತಿದ್ದ ಗ್ರೀಸ್ ಒರೆಸತೊಡಗಿದರು. ಗ್ರೀಸು ಹೋಗಲಿಲ್ಲ, ಇನ್ನಷ್ಟು ಹರಡಿತು. ಅತ್ತೆ ಕಣ್ಣು ಮುಚ್ಚಿ, ಸ್ಕೂಲಿಗೆ ಹೊರಟ ಹುಡುಗಿಯ ಹಾಗೆ ಮುಖ ಎತ್ತಿ ಹಿಡಿದುಕೊಂಡು ನಿಂತೇ ಇದ್ದಳು.