ಕಾಡುಬಾತಿಗಾಗಿ ಸೋಗೆ ಹೊದ್ದಿದ್ದು

ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯ ಮುಖಪುಟದಲ್ಲಿ ಪ್ರತಿ ವರ್ಷವೂ ಡ್ರಾಯಿಂಗ್ ಮೇಷ್ಟ್ರು ಬರೆದ ಸೂರ್ಯೋದಯವೇ ಬರುತ್ತದೆ. ಈ ಸಲ ನಾನು ಸ್ಟಾಫ್ ರೂಮಿನಲ್ಲಿ ಎದ್ದು ನಿಂತು, ನನ್ನ ಹೆಂಡತಿಯ ಊರು ಪೂರಿಗಾಲಿ ಕಡೆಯ ಕೆರೆಗೆ ಕಾಡುಬಾತು ಬಂದಿವೆ, ಸೋಮವಾರ ಅವುಗಳ ಫೋಟೋ ತರುತ್ತೇನೆ ಎಂದು ಘೋಷಿಸಿಬಿಟ್ಟೆ. ತರದಿದ್ದರೆ ಸೂರ್ಯೋದಯವೇ ಅಚ್ಚಿಗೆ ಹೋಗುತ್ತದೆ ಎಂದರು ಹೆಡ್ಮಾಸ್ಟರು. ಡ್ರಾಯಿಂಗ್ ಮೇಷ್ಟ್ರು ಸಣ್ಣಗೆ ನಕ್ಕರು. ಆ ನಗು ನನಗೆ ಸಹಿಸಲಾಗಲಿಲ್ಲ.

ಶನಿವಾರ ಸಂಜೆಯೇ ಹೆಂಡತಿ ಗೌರಿಯೊಂದಿಗೆ ಅತ್ತೆಯ ಮನೆ ಸೇರಿದೆ. ಭಾನುವಾರ ಬೆಳಿಗ್ಗೆ ಕ್ಯಾಮೆರಾ ನೇತುಹಾಕಿಕೊಂಡು ಕೆರೆಯ ಬಳಿ ಹಾಜರಾದೆ. ಬಾತುಗಳು ದಡದಲ್ಲೇ ಇದ್ದವು. ಬಗ್ಗಿಕೊಂಡು ಎರಡು ಹೆಜ್ಜೆ ಇಟ್ಟೆ. ಅವು ಕೆರೆಯ ನಡುವಿಗೆ ಹೋದವು. ಸುತ್ತಿಕೊಂಡು ಆಚೆ ದಡಕ್ಕೆ ಹೋದೆ. ಅವು ಈಚೆ ದಡಕ್ಕೆ ಬಂದವು! ತೆವಳಿಕೊಂಡು ಹೋದೆ. ಹಾರಿಯೇ ಹೋದವು! ನೀರಿನ ಫೋಟೋಗಳು ಮಾತ್ರ ಬಹಳ ಚೆನ್ನಾಗಿ ಬಂದಿದ್ದವು.

ತಿಂಡಿಗೆ ಬಂದಾಗ ಗೌರಿ, ಬಟ್ಟೆ ಒಗೆಯುವವರ ಪಕ್ಕದಲ್ಲೇ ಅವು ಓಡಾಡಿಕೊಂಡಿರುತ್ತವೆ, ನೀವು ಕಳ್ಳನ ಹಾಗೆ ಹೋಗಬೇಡಿ, ಸುಮ್ಮನೆ ನೆಟ್ಟಗೆ ನಡೆದು ಹೋಗಿ ಎಂದಳು. ವಿಜ್ಞಾನದ ಮೇಷ್ಟ್ರಿಗೇ ಪಾಠ! ಗೋಸುಂಬೆ ಬಣ್ಣ ಬದಲಿಸಿ ಬಚ್ಚಿಟ್ಟುಕೊಳ್ಳುವುದನ್ನು ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಡುವವನು ನಾನು. ಕೆರೆಯ ಸುತ್ತ ಇರುವುದೆಲ್ಲ ಕಬ್ಬಿನ ಗದ್ದೆ. ಆದ್ದರಿಂದ ನಾನೂ ಕಬ್ಬಾಗಿಬಿಡುವುದೇ ಶಾಸ್ತ್ರೀಯ ಮಾರ್ಗವೆಂದು ತೀರ್ಮಾನಿಸಿದೆ. ಅತ್ತೆಯ ಹಿತ್ತಿಲಲ್ಲಿ ಕಬ್ಬಿನ ಹಸಿ ಸೋಗೆಯ ಹೊರೆಯೊಂದಿತ್ತು. ಅದನ್ನು ಬಿಚ್ಚಿ ತಲೆಯಿಂದ ಪಾದದವರೆಗೆ ಸುತ್ತಿ, ಹುರಿಯಿಂದ ಬಿಗಿದುಕೊಂಡು ಹೊರಟೆ. ಆ ಹೊರೆಯನ್ನು ಯಾರಿಗಾಗಿ ತಂದಿದ್ದರು ಎಂದು ಯೋಚಿಸಲಿಲ್ಲ.

ನೀರಿನಂಚಿನಲ್ಲಿ ಬೋರಲು ಮಲಗಿದೆ. ಸ್ವಲ್ಪ ದೂರದಲ್ಲಿ ಗೌರಿ ಬಟ್ಟೆ ಒಗೆಯಲು ಕೂತಳು. ಅರ್ಧ ಗಂಟೆಯಾದ ಮೇಲೆ ಬಾತುಗಳು ಮೆಲ್ಲಗೆ ಬಂದವು. ನನ್ನ ವಿಜ್ಞಾನ ಗೆದ್ದಿತ್ತು. ಬಟನ್ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಯಾರೋ ಕಾಲು ಎಳೆದರು. ಮೆಲ್ಲಗೆ ಕಾಲು ಕೊಡವಿದೆ. ಇನ್ನೂ ಜೋರಾಗಿ ಎಳೆದರು. ಕತ್ತು ತಿರುಗಿಸಿ ನೋಡಿದರೆ ಅತ್ತೆಯ ಎಮ್ಮೆ! ಮೈ ತೊಳೆಸಿಕೊಳ್ಳಲು ಬಂದದ್ದು ತನ್ನ ಮೇವನ್ನು ಗುರುತು ಹಿಡಿದುಬಿಟ್ಟಿತ್ತು. ಅಲ್ಲಾಡಿದರೆ ಬಾತು ಹಾರುತ್ತವೆ. ಅಲ್ಲಾಡದಿದ್ದರೆ ಎಮ್ಮೆ ಮಂಡಿ ದಾಟುತ್ತದೆ.

ಎಮ್ಮೆಯ ಹಿಂದೆ ಅತ್ತೆ ನಿಂತಿದ್ದರು. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವರು ಅಳಿಯನೊಂದಿಗೆ ನೇರವಾಗಿ ಮಾತಾಡಿದವರಲ್ಲ. ಏನಿದ್ದರೂ ಮಗಳ ಮೂಲಕವೇ. ಈಗಲೂ ಸೆರಗು ಸರಿಮಾಡಿಕೊಂಡು, ಮುಖ ಆ ಕಡೆ ತಿರುಗಿಸಿ ಹೇಳಿದರು.

"ಗೌರವ್ವ, ಎಮ್ಮೆ ಅಳಿಯಂದ್ರನ್ನ ಮೇಯ್ತಾ ಅದೆ. ವಸಿ ಎದ್ ಬರಕ್ಕೇಳವ್ವ."

"ರೀ, ಎಮ್ಮೆ ನಿಮ್ಮನ್ನ ಮೇಯ್ತಾ ಅದಂತೆ. ಎದ್ ಬರ್ಬೇಕಂತೆ," ಎಂದು ಗೌರಿ ತಲುಪಿಸಿದಳು.

ದಯವಿಟ್ಟು ಎಮ್ಮೆ ಹಿಡಿದುಕೊಳ್ಳಬೇಕಂತೆ ಎಂದು ನಾನೂ ಪಿಸುದನಿಯಲ್ಲಿ ಗೌರಿಯ ಮೂಲಕವೇ ಮನವಿ ಸಲ್ಲಿಸಿದೆ. ಈ ಪತ್ರವ್ಯವಹಾರ ಮುಗಿಯುವಷ್ಟರಲ್ಲಿ ಎಮ್ಮೆ ಸೊಂಟಕ್ಕೆ ಬಂದು ಹುರಿಗೆ ಬಾಯಿ ಹಾಕಿ ಎಳೆಯಿತು. ನಾನು ಮಗುಚಿಕೊಂಡೆ. ಬಾತುಗಳು ಹಾರಿದವು. ಕ್ಯಾಮೆರಾ ಕೆರೆಗೆ ಹೋಯಿತು!

ಕೆಸರಿನಲ್ಲಿ ಕೂತ ನನಗೆ ನಿಜವಾಗಿಯೂ ಅಳು ಬಂತು. ಕಣ್ಮುಂದೆ ಬರೀ ಸೂರ್ಯೋದಯ. ಆಗ ಗೌರಿ ಕೈ ಒರೆಸಿಕೊಂಡು ತನ್ನ ಮೊಬೈಲಿನಲ್ಲಿದ್ದ ಒಂದು ಫೋಟೋ ತೋರಿಸಿದಳು. ಅವಳ ಒಗೆಯುವ ಕಲ್ಲಿನ ಮುಂದೆಯೇ ನಾಲ್ಕು ಕಾಡುಬಾತು ಸಾಲಾಗಿ ನಿಂತಿದ್ದವು. ಕೊಕ್ಕಿನ ತುದಿಯ ನೀರಹನಿ ಕೂಡ ಕಾಣುತ್ತಿತ್ತು. ಹಿಂದೆ ಮಸುಕಾಗಿ ಎಮ್ಮೆ ಮತ್ತು ನಾನು.

"ನಿಮ್ದೇ ಫೋಟೋ ತೆಗೀತಿದ್ದೆ ಕಣ್ರೀ. ಇವು ಅಡ್ಡ ಬಂದ್ಬುಟ್ವು," ಎಂದಳು.

ಸೋಮವಾರ ಆ ಫೋಟೋವನ್ನೇ ಹೆಡ್ಮಾಸ್ಟರ ಮುಂದಿಟ್ಟೆ. ಅವರಿಗೆ ಬಹಳ ಹಿಡಿಸಿತು. ಡ್ರಾಯಿಂಗ್ ಮೇಷ್ಟ್ರು ಮಾತ್ರ ಕನ್ನಡಕ ಏರಿಸಿ, ಹಿಂದಿರುವ ಎಮ್ಮೆ ಮತ್ತು ಮೇವಿನ ಗುಡ್ಡೆ ಬೇಕೇ ಎಂದು ಕೇಳಿದರು.

"ಎಮ್ಮೆ ಲಕ್ಷಣವಾಗಿ ಅದೆ, ಇರ್ಲಿ ಬುಡಿ," ಎಂದರು ಹೆಡ್ಮಾಸ್ಟರು. "ಆ ಗುಡ್ಡೆ ಒಂದನ್ನ ಅಳಿಸ್ಬುಡಿ, ಅಸಹ್ಯವಾಗಿ ಕಾಣ್ತದೆ."

ಆಗಲಿ ಸಾರ್ ಎಂದು ಗುಡ್ಡೆಯ ಪರವಾಗಿ ನಾನೇ ಒಪ್ಪಿಗೆ ಕೊಟ್ಟೆ.