ರಾಣಿ ಬಣ್ಣದ ಅಣಬೆ

ಸಸ್ಯಶಾಸ್ತ್ರ ಹೇಳುವ ಮೇಷ್ಟ್ರಿಗೆಲ್ಲ ಒಂದು ಗುಟ್ಟಿನ ಆಸೆ ಇರುತ್ತದೆ: ಲೋಕ ಇನ್ನೂ ಹೆಸರಿಡದ ಒಂದು ಜೀವ ತನ್ನ ಕಣ್ಣಿಗೇ ಮೊದಲು ಬೀಳಬೇಕು. ನನಗೂ ಇತ್ತು, ಅದರಲ್ಲೂ ಅಣಬೆಯ ಮೇಲೆ. ಬಳ್ಳಾರಿಯ ಬಿಸಿಲಿನಲ್ಲಿ ಅಣಬೆ ಹುಡುಕುವವನನ್ನು ಜನ ಹೇಗೆ ನೋಡುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ನನ್ನ ಮಾವನ ಮನೆ ಇರುವುದು ಭತ್ತದ ಸಿರುಗುಪ್ಪದಲ್ಲಿ. ಮಳೆ ಬಿದ್ದರೆ ಅಲ್ಲಿ ಹುಲ್ಲಿನ ಬಣವೆಯ ಬುಡದಲ್ಲಿ ಅಣಬೆ ಏಳುತ್ತವೆ. ಅಳಿಯನಾಗಿ ಹೋದವನು ಮಾವನ ಜೊತೆ ನಾಲ್ಕು ಮಾತಾಡುವುದು ಬಿಟ್ಟು ಬಣವೆಯ ಬಳಿ ಕುಕ್ಕರುಗಾಲಲ್ಲಿ ಕೂತಿರುತ್ತೇನೆ. ನಾನು ಏನೋ ಕಳೆದುಕೊಂಡಿದ್ದೇನೆಂದು ಮೊದಮೊದಲು ಅತ್ತೆಯೂ ಬಂದು ಹುಡುಕುತ್ತಿದ್ದರು.

ಈ ಮಳೆಗಾಲದಲ್ಲಿ ಅಲ್ಲೊಂದು ಹೊಸ ಬಗೆಯ ಅಣಬೆ ಕಂಡಿತು. ಮನೆಯಿಂದ ಒಯ್ದಿದ್ದ ಸ್ಟೀಲ್ ಡಬ್ಬಿಯನ್ನು ಕರ್ಚೀಫಿನಿಂದ ಒರೆಸಿ, ಅದರಲ್ಲಿ ಅಣಬೆ ಇಟ್ಟು, ಡಬ್ಬಿ ಕರ್ಚೀಫು ಎರಡನ್ನೂ ಚೀಲಕ್ಕೆ ಹಾಕಿ ಬಳ್ಳಾರಿ ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ತಂದೆ. ಅಣಬೆಯ ಕುಲ ತಿಳಿಯಬೇಕಾದರೆ ಅದರ ಬೀಜಕಣದ ಬಣ್ಣ ನೋಡಬೇಕು. ಅಣಬೆಯ ಕೊಡೆಯನ್ನು ಬಿಳಿ ಹಾಳೆಯ ಮೇಲಿಟ್ಟು ಬಟ್ಟಲು ಮುಚ್ಚಿದರೆ ಬೆಳಗಾಗುವಷ್ಟರಲ್ಲಿ ಪುಡಿ ಉದುರಿ ಅಚ್ಚು ಮೂಡಿರುತ್ತದೆ. ಬೆಳಿಗ್ಗೆ ಬಟ್ಟಲೆತ್ತಿದರೆ ಗುಲಾಬಿ! ಗುಲಾಬಿ ಕಣದ ಅಣಬೆಗಳು ಇಲ್ಲದಿಲ್ಲ, ಆದರೆ ಅವುಗಳದ್ದು ಇಟ್ಟಿಗೆ ತೊಳೆದ ನೀರಿನಂಥ ಮಂಕು ಗುಲಾಬಿ. ನನ್ನದು ಮದುವೆ ಸೀರೆಯ ರಾಣಿ ಬಣ್ಣ. ಬುದ್ಧಿ ಇದ್ದವರು ಎಲ್ಲೋ ತಪ್ಪಾಗಿದೆ ಎನ್ನುತ್ತಿದ್ದರು. ನಾನು ಸೂಕ್ಷ್ಮದರ್ಶಕದಲ್ಲಿ ಆಮೇಲೆ ನೋಡಿದರಾಯಿತೆಂದು, ಹೊಸ ಪ್ರಭೇದವೇ ಸರಿ ಎಂದುಕೊಂಡೆ.

ಕಂಡುಹಿಡಿದವನು ತನ್ನದೇ ಹೆಸರಿಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹಾಗಾಗಿ ಹೆಂಡತಿಗೆ, "ಗಿರಿಜಾ, ಈ ಅಣಬಿಗೆ ನಿನ್ನ ಹೆಸರು ಇಡತೀನಿ" ಎಂದೆ.

"ತಿನ್ನಾಕ ಬರತೈತೇನ್ರಿ?"

"ಗೊತ್ತಿಲ್ಲ. ವಿಷಾನೂ ಇರಬಹುದು."

"ಕೊಳತ ಹುಲ್ಲಾಗ ಹುಟ್ಟಿದ್ದು, ಮ್ಯಾಲೆ ವಿಷ ಬ್ಯಾರೆ. ಅದಕ್ಕ ನನ್ನ ಹೆಸರಾ? ನಿಮ್ಮ ಅಕ್ಕಂದು ಇಡ್ರಿ!"

ಹೀಗೆಂದು ಒಳಗೆ ಹೋದವಳು ಕುರುಗೋಡಿನ ತಂಗಿಗೆ ಫೋನು ಮಾಡಿ, "ನನ್ನ ಹೆಸರಿಲೆ ಒಂದು ಅಣಬಿ ಬರತೈತಂತ ಲೇ" ಎನ್ನುವುದು ಕೇಳಿಸಿತು. ಆ ದನಿಯಲ್ಲಿ ಅಂಥ ಹಿಗ್ಗು ಕೇಳಿ ಬಹಳ ಕಾಲವಾಗಿತ್ತು. ನನಗೆ ಖುಷಿಯಾಯಿತು, ಸ್ವಲ್ಪ ಹೆದರಿಕೆಯೂ ಆಯಿತು.

ಫೋನು ಇಟ್ಟು ತನ್ನ ಅಣಬೆ ನೋಡಲು ಬಂದಳು. ಹಾಳೆ ನೋಡಿದವಳೇ ಪುಡಿಯನ್ನು ಬೆರಳ ತುದಿಗೆ ಹಚ್ಚಿ ಉಜ್ಜಿ ನೋಡಿದಳು.

"ರೀ, ಇದನ್ನ ಯಾವ ಡಬ್ಬ್ಯಾಗ ತಂದ್ರಿ?"

"ಬಾಗಿಲ ಹತ್ರ ಗೂಡಿನಾಗ ಇತ್ತಲ್ಲ, ಅದರಾಗ."

"ಅದು ನನ್ನ ರಂಗೋಲಿ ಬಣ್ಣದ ಡಬ್ಬಿರೀ!"

ಕಾಲೇಜಿಗೆ ಓಡಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬೀಜಕಣಗಳು ನೀರಿನಷ್ಟು ನಿರ್ಮಲವಾಗಿದ್ದವು, ಬಣ್ಣವೆಲ್ಲ ರಂಗೋಲಿಯದು. ಅಣಬೆಯೂ ನನ್ನ ಹೊರತು ಎಲ್ಲರಿಗೂ ಗೊತ್ತಿದ್ದದ್ದೇ. ಮನೆಗೆ ಬಂದು ಹೇಳಿದಾಗ ಗಿರಿಜಾ, "ಹೋಗ್ಲಿ ಬಿಡ್ರಿ" ಎಂದಳು. ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮರುದಿನ ತಂಗಿಯ ಫೋನು: ಕುರುಗೋಡಿನ ಹಿತ್ತಲಲ್ಲೂ ಅಣಬೆ ಎದ್ದಿವೆಯಂತೆ. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಗಿರಿಜಾ ಅದೇ ಡಬ್ಬಿಯನ್ನು ಉಜ್ಜಿ ತೊಳೆದು, ಸೆರಗಿನಿಂದ ಒರೆಸಿ ತಂದಳು. "ನೀವು ಬರೇ ಅಣಬಿ ತರ್ರಿ. ಹಾಳಿ ಮ್ಯಾಲೆ ನಾನ ಇಡತೀನಿ" ಎಂದಳು. ಅವಳಿಗೆ ಇನ್ನೂ ಆಸೆ ಇತ್ತು. ನನ್ನ ಕಣ್ಣು ತುಂಬಿ ಬಂತು.

ಬಸ್ಸಿನಲ್ಲಿ ಸೆಕೆಯೋ ಸೆಕೆ. ಅಂದಿನಿಂದ ಚೀಲದಲ್ಲೇ ಉಳಿದಿದ್ದ ಕರ್ಚೀಫು ತೆಗೆದು ಮುಖದ ಬೆವರೆಲ್ಲ ಚೆನ್ನಾಗಿ ಒರೆಸಿಕೊಂಡೆ. ಪಕ್ಕದಲ್ಲಿದ್ದವರು ನನ್ನನ್ನೇ ನೋಡಿ, "ಸರ, ಹೋಳಿ ಈಗ್ಯಾಕ ಆಡಿದ್ರಿ?" ಎಂದರು. ಡಬ್ಬಿಯ ಹೊಳೆಯುವ ಮುಚ್ಚಳದಲ್ಲಿ ಮುಖ ನೋಡಿಕೊಂಡೆ. ರಾಣಿ ಬಣ್ಣದ ಜೀವವೊಂದು ನಮ್ಮ ಜಿಲ್ಲೆಯಲ್ಲಿ ಇರುವುದಂತೂ ಖಾತ್ರಿಯಾಯಿತು. ಅದಕ್ಕೆ ಏನೆಂದು ಹೆಸರಿಡಬೇಕೋ, ಗಿರಿಜಾಳಿಗೇ ಬಿಟ್ಟಿದ್ದೇನೆ.